ಮನೆಯಲ್ಲೇ ರೆಕಾರ್ಡಿಂಗ್: ಮೈಕಿಗಿಂತ ಮೊದಲು ಕೋಣೆ

ಪ್ರಶ್ನೆ: ನಾನು ಧಾರವಾಡದಲ್ಲಿ ಶಾಲಾ ಶಿಕ್ಷಕಿ. ಭಾವಗೀತೆ, ವಚನ, ದಾಸರ ಪದ ಹಾಡುತ್ತೇನೆ. ಪೇಟಿ (ಹಾರ್ಮೋನಿಯಂ) ನಾನೇ ನುಡಿಸಿಕೊಳ್ಳುತ್ತೇನೆ. ತಮ್ಮ ತಬಲಾ ಸಾಥ್ ಕೊಡುತ್ತಾನೆ. ಮನೆಯಲ್ಲಿ 10 ಅಡಿಗೆ 12 ಅಡಿಯ ಒಂದು ಕೋಣೆ ಖಾಲಿ ಇದೆ. ನೆಲಕ್ಕೆ ಟೈಲ್ಸ್, ಗೋಡೆಗಳೆಲ್ಲ ಬರಿದು. ಅಲ್ಲೇ ರೆಕಾರ್ಡಿಂಗ್ ಮಾಡುವ ಆಸೆ. ಲ್ಯಾಪ್‌ಟಾಪ್ ಇದೆ, 40,000 ರೂಪಾಯಿ ಕೂಡಿಟ್ಟಿದ್ದೇನೆ. ಅಂಗಡಿಯವರು ಕಂಡೆನ್ಸರ್ ಮೈಕ್, ಸೌಂಡ್ ಕಾರ್ಡ್, ಸ್ಟ್ಯಾಂಡ್, ಫೋಮ್ ಎಲ್ಲ ಸೇರಿಸಿ 9,000ಕ್ಕೆ ಸೆಟ್ ಕೊಡುತ್ತೇವೆ, ಉಳಿದ ದುಡ್ಡಿಗೆ ಸ್ಪೀಕರ್ ತಗೊಳ್ಳಿ ಅನ್ನುತ್ತಾರೆ. ಪರಿಚಯದವರೊಬ್ಬರು ಕಂಡೆನ್ಸರ್ ಬೇಡವೇ ಬೇಡ, ಅದು ಕೋಣೆಯ ಸದ್ದನ್ನೆಲ್ಲ ಹಿಡಿಯುತ್ತದೆ, ಡೈನಮಿಕ್ ತಗೊಳ್ಳಿ ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ಮೇಡಂ, ಮೊದಲು ಚಿಕ್ಕದಾಗಿ ಹೇಳಿಬಿಡುತ್ತೇನೆ. ಆ ಸೆಟ್ ಬೇಡ. ಸ್ಪೀಕರ್ ಈಗಲೇ ಬೇಡ. ಮೈಕ್ ಕಂಡೆನ್ಸರೇ ಇರಲಿ, ಅಂದರೆ ಕರೆಂಟ್ ಕೊಟ್ಟು ನಡೆಸುವ, ಸಣ್ಣ ಸದ್ದನ್ನೂ ಹಿಡಿಯುವ ಮೈಕ್. ಆದರೆ ಇದಕ್ಕೆಲ್ಲ ಮುಂಚೆ ಕೋಣೆ ಸರಿ ಮಾಡಿಕೊಳ್ಳಿ. ಮನೆಯಲ್ಲಿ ಮಾಡಿದ ರೆಕಾರ್ಡಿಂಗನ್ನು ತಿದ್ದಿಕೊಡಿ ಅಂತ ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರಿಗೆ ಮೈಕಿನಿಂದ ತೊಂದರೆ ಆಗಿರುವುದಿಲ್ಲ, ಗೋಡೆಯಿಂದ ಆಗಿರುತ್ತದೆ. ಗೋಡೆಗೆ ಬಡಿದು ವಾಪಸ್ ಬಂದ ದನಿ ಒಮ್ಮೆ ಹಾಡಿನೊಳಗೆ ಸೇರಿಕೊಂಡರೆ ಅದನ್ನು ಆಮೇಲೆ ಪೂರ್ತಿ ತೆಗೆಯಲು ಆಗುವುದಿಲ್ಲ. ಎಷ್ಟೇ ದುಬಾರಿ ಮೈಕ್ ಆದರೂ ಅಷ್ಟೇ.

ಇವತ್ತೇ ಒಂದು ಪರೀಕ್ಷೆ ಮಾಡಿ ನೋಡಿ, ಕಾಸು ಖರ್ಚಿಲ್ಲ. ಫೋನಿನ ವಾಯ್ಸ್ ರೆಕಾರ್ಡರ್ ಹಚ್ಚಿ, ಬಾಯಿಂದ ಒಂದು ಗೇಣು ದೂರ ಇಟ್ಟು ನಾಲ್ಕು ಸಾಲು ಹಾಡಿ. ಅದೇ ಸಾಲುಗಳನ್ನು ಒಂದು ಮೊಳ ದೂರದಿಂದ, ಆಮೇಲೆ ಒಂದು ಮಾರು ದೂರದಿಂದ ಹಾಡಿ. ಇಯರ್‌ಫೋನ್ ಹಾಕಿಕೊಂಡು ಮೂರನ್ನೂ ಕೇಳಿ. ಮೂರನೆಯದರಲ್ಲಿ ನಿಮ್ಮ ದನಿಗಿಂತ ಕೋಣೆಯೇ ಜಾಸ್ತಿ ಕೇಳಿಸುತ್ತದೆ. ಕಾರಣ ಇಷ್ಟೇ. ದೂರ ಇಮ್ಮಡಿ ಆದಾಗೆಲ್ಲ, ಅಂದರೆ ಗೇಣಿನಿಂದ ಮೊಳಕ್ಕೆ ಹೋದಾಗ, ಬಾಯಿಂದ ನೇರವಾಗಿ ಬರುವ ದನಿ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಗೋಡೆ ಗೋಡೆಗೆ ಬಡಿದು ಸುತ್ತುವ ಪ್ರತಿಧ್ವನಿ ಮಾತ್ರ ಕೋಣೆಯ ತುಂಬ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ಇದೇ ಪರೀಕ್ಷೆಯನ್ನು ಮನೆಯ ಉಳಿದ ಕೋಣೆಗಳಲ್ಲೂ ಮಾಡಿ. ಮಂಚ, ಹಾಸಿಗೆ, ಬಟ್ಟೆ, ಪುಸ್ತಕ ತುಂಬಿರುವ ಮಲಗುವ ಕೋಣೆ ನಿಮ್ಮ ಖಾಲಿ ಕೋಣೆಗಿಂತ ಚೆನ್ನಾಗಿ ಕೇಳಿಸಿದರೆ ಅಲ್ಲೇ ರೆಕಾರ್ಡ್ ಮಾಡಿ. ಅದಕ್ಕಾಗಿ ಬೇರೆ ಕೋಣೆಯೇ ಬೇಕು ಅಂತೇನಿಲ್ಲ.

ಈಗ ಕಂಡೆನ್ಸರೋ ಡೈನಮಿಕ್ಕೋ ನೋಡೋಣ. ಡೈನಮಿಕ್ ಅಂದರೆ ಸ್ಟೇಜಿನ ಮೇಲೆ ಕಾಣುವ, ಕರೆಂಟ್ ಬೇಡದ ಗಟ್ಟಿ ಮೈಕ್. ನಿಮ್ಮ ಪರಿಚಯದವರು ಹೇಳಿದ್ದು ಅರ್ಧ ನಿಜ. ಎರಡೂ ಕಾರ್ಡಿಯಾಯ್ಡ್ ಮೈಕ್ ಅಂತ ಇಟ್ಟುಕೊಳ್ಳಿ. ಅಂದರೆ ಮುಂದಿನ ಸದ್ದನ್ನು ಚೆನ್ನಾಗಿ ಹಿಡಿದು, ಹಿಂದಿನದನ್ನು ಆದಷ್ಟು ಬಿಟ್ಟುಬಿಡುವ ಮೈಕ್. ಎರಡನ್ನೂ ಬಾಯಿಂದ ಒಂದೇ ದೂರದಲ್ಲಿಟ್ಟು, ದನಿ ಒಂದೇ ಮಟ್ಟಕ್ಕೆ ಬರುವ ಹಾಗೆ ಗೇನ್ (ಮೈಕಿನ ದನಿಯನ್ನು ಏರಿಸುವ ಪ್ರಮಾಣ) ಹೊಂದಿಸಿದರೆ, ಎರಡರಲ್ಲೂ ಕೋಣೆ ಹೆಚ್ಚುಕಡಿಮೆ ಅಷ್ಟಷ್ಟೇ ಕೇಳಿಸುತ್ತದೆ. ವ್ಯತ್ಯಾಸ ಬರುವುದು ಬಳಸುವ ರೀತಿಯಿಂದ. 1966ರಿಂದ ಮಾರುಕಟ್ಟೆಯಲ್ಲಿರುವ ಡೈನಮಿಕ್ ಮೈಕ್ ಶೂರ್ ಎಸ್‌ಎಂ58 ಅನ್ನು ಸ್ಟೇಜಿನ ಮೇಲೆ ತುಟಿಗೆ ತಾಗುವಷ್ಟು ಹತ್ತಿರ ಹಿಡಿದು ಹಾಡುತ್ತಾರೆ. ಕಂಡೆನ್ಸರನ್ನು ಗೇಣು ದೂರದಲ್ಲಿ ಇಡುತ್ತಾರೆ. ದೂರ ಹೆಚ್ಚಿದಷ್ಟೂ ಕೋಣೆ ಜಾಸ್ತಿ.

ಹಾಗಿದ್ದೂ ನಿಮಗೆ ಕಂಡೆನ್ಸರ್ ಅಂತ ನಾನು ಹೇಳುವುದಕ್ಕೆ ಕಾರಣ ನಿಮ್ಮ ಹಾಡಿಕೆ. ಭಾವಗೀತೆಯಲ್ಲಿ ಮೆಲ್ಲಗೆ ಜಾರುವ ಮೀಂಡ್, ಸಣ್ಣ ಮುರ್ಕಿ, ಸಾಲಿನ ಕೊನೆಯಲ್ಲಿ ಕರಗುವ ಅಕ್ಷರ, ಇವೆಲ್ಲ ಬೇಕು. ಅವು ಕಂಡೆನ್ಸರ್‌ನಲ್ಲಿ ಚೆನ್ನಾಗಿ ಉಳಿಯುತ್ತವೆ. ಇನ್ನೊಂದು ಕಾರಣವೂ ಇದೆ. ಕಾರ್ಡಿಯಾಯ್ಡ್ ಮೈಕಿಗೆ ತೀರಾ ಹತ್ತಿರ ಹಾಡಿದರೆ ಕೆಳಗಿನ ದನಿ ಉಬ್ಬುತ್ತದೆ. ಪೇಟಿ ನುಡಿಸುವಾಗ ನಿಮ್ಮ ತಲೆ ಆ ಕಡೆ ಈ ಕಡೆ ಆಗೇ ಆಗುತ್ತದೆ. ಎರಡು ಇಂಚು ಹತ್ತಿರದಿಂದ ಹಾಡುವಾಗ ಇಷ್ಟು ಅಲುಗಿದರೂ ಕಂಠದ ಬಣ್ಣ ಬದಲಾಗುತ್ತದೆ. ಗೇಣು ದೂರದಲ್ಲಿ ಆ ಕಾಟ ಕಡಿಮೆ. ಆಡಿಯೋ ಟೆಕ್ನಿಕಾ ಎಟಿ2020 ನಿಮ್ಮ ಲೆಕ್ಕಕ್ಕೆ ಸರಿಹೊಂದುವ ಮೈಕ್. ರೋಡ್ ಎನ್‌ಟಿ1 ಇನ್ನೂ ಒಳ್ಳೆಯದು. ಅದರ ಸ್ವಂತ ಸುಯ್‌ ಸದ್ದು ಬರೀ 4 ಡೆಸಿಬಲ್ ಆಸುಪಾಸು, ಎಟಿ2020ದು 20. ಆದರೆ ಬೆಲೆ ತುಂಬಾ ಏರುತ್ತದೆ, ಮತ್ತು ಬೀದಿಯ ಸದ್ದು ಕೇಳುವ ಮನೆಯಲ್ಲಿ ಆ ವ್ಯತ್ಯಾಸ ಗೊತ್ತಾಗುವುದೂ ಕಡಿಮೆ. ಪಾಡ್‌ಕಾಸ್ಟ್ ಮಾಡುವವರ ಮುಂದೆ ಕಾಣುವ ದಪ್ಪ ಎಸ್‌ಎಂ7ಬಿ ಮೈಕಿಗೆ ಮರುಳಾಗಬೇಡಿ. ಅದಕ್ಕೆ 60 ಡೆಸಿಬಲ್‌ನಷ್ಟು ಶುದ್ಧ ಗೇನ್ ಬೇಕು. ಮೆತ್ತಗೆ ಹಾಡುವವರಿಗೆ ಇನ್ನೂ ಜಾಸ್ತಿ.

ಒಂದು ಸಂದರ್ಭದಲ್ಲಿ ಮಾತ್ರ ನನ್ನ ಉತ್ತರ ಬದಲಾಗುತ್ತದೆ. ಮನೆ ದೊಡ್ಡ ರಸ್ತೆಯ ಮೇಲೇ ಇದ್ದು, ಯಾವ ಹೊತ್ತಿನಲ್ಲೂ ನಿಶ್ಶಬ್ದ ಸಿಗದಿದ್ದರೆ ಎಸ್‌ಎಂ58 ತಗೊಂಡು ಹತ್ತಿರದಿಂದ ಹಾಡಿ.

ಇನ್ನು ಕೋಣೆ. ಫೋಮ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕಂದರೆ ಇಲ್ಲೇ ದುಡ್ಡು ಸುಮ್ನೆ ಹೋಗುತ್ತದೆ. ಸೆಟ್ ಜೊತೆ ಬರುವ ಒಂದು ಇಂಚಿನ ಫೋಮ್ ಮೇಲಿನ ಕಂಪನಗಳನ್ನು, ಅಂದರೆ 3,000 ಹರ್ಟ್ಸ್‌ನಿಂದ ಆಚೆಗಿನದನ್ನು ಚೆನ್ನಾಗಿ ಹೀರುತ್ತದೆ. ಹಾಡುವ ಹೆಣ್ಣುಮಕ್ಕಳ ಷಡ್ಜ ಸಾಮಾನ್ಯವಾಗಿ 200 ಹರ್ಟ್ಸ್ ಆಸುಪಾಸಿನಲ್ಲಿರುತ್ತದೆ. ಅಲ್ಲಿ ಒಂದು ಅಲೆಯ ಉದ್ದವೇ ಐದೂವರೆ ಅಡಿ. ಒಂದು ಇಂಚಿನ ಫೋಮ್ ಅದನ್ನು ಏನು ಮಾಡಲೂ ಆಗದು. ಗೋಡೆ ತುಂಬ ಫೋಮ್ ಅಂಟಿಸಿದರೆ ಹೊಳಪೆಲ್ಲ ಹೋಗಿ ಗುಮ್ಮೆನ್ನುವುದು ಮಾತ್ರ ಉಳಿಯುತ್ತದೆ, ಡಬ್ಬದೊಳಗೆ ಕೂತು ಹಾಡಿದ ಹಾಗೆ. ಮೊಟ್ಟೆ ಟ್ರೇ ಅಂತೂ ಅಷ್ಟನ್ನೂ ಮಾಡುವುದಿಲ್ಲ. ಹೊರಗಿನ ಆಟೋ ಹಾರ್ನ್ ಒಳಗೆ ಬರದಂತೆ ತಡೆಯುವುದೂ ಫೋಮಿನ ಕೆಲಸವಲ್ಲ. ಅದಕ್ಕೆ ಭಾರದ ಬಾಗಿಲು, ಸಂದಿ ಇಲ್ಲದ ಕಿಟಕಿ ಬೇಕು.

ನಿಮ್ಮ ಊರಿನಲ್ಲಿ ಇದಕ್ಕೆ ಒಳ್ಳೆಯ ಸಾಮಾನು ಮನೆಮನೆಯಲ್ಲೂ ಇದೆ. ಕೌದಿ! ಹಳೆಯ ಸೀರೆ, ಪಂಚೆಗಳನ್ನು ಪದರ ಪದರ ಸೇರಿಸಿ ಹೊಲಿದ ದಪ್ಪ ಕೌದಿ ತೆಳು ಫೋಮಿಗಿಂತ ಎಷ್ಟೋ ಮೇಲು. ಎರಡು ಕೌದಿಗಳನ್ನು ಒಂದರ ಮೇಲೊಂದು ಹಾಕಿ, ಗೋಡೆಗೆ ಒತ್ತದೆ ಅರ್ಧ ಅಡಿ ಬಿಟ್ಟು ಹಗ್ಗದ ಮೇಲೆ ನೇತುಹಾಕಿ. ಆ ಖಾಲಿ ಜಾಗವೂ ಕೆಲಸ ಮಾಡುತ್ತದೆ, ಇನ್ನಷ್ಟು ಕೆಳಗಿನ ಸ್ವರದವರೆಗೆ ಹೀರಿಕೊಳ್ಳುತ್ತದೆ. ನೆಲಕ್ಕೆ ದಪ್ಪ ಜಮಖಾನ ಹಾಸಿ. ಕೋಣೆಯ ಒಂದು ಮೂಲೆಗೆ ಹಾಸಿಗೆ ಸುತ್ತಿ ನಿಲ್ಲಿಸಿ.

ಎಲ್ಲಿ ನೇತುಹಾಕಬೇಕು ಅನ್ನುವುದೂ ಮುಖ್ಯ. ಹೆಚ್ಚಿನವರು ಮೈಕಿನ ಹಿಂದಿನ ಗೋಡೆಗೆ ಫೋಮ್ ಅಂಟಿಸುತ್ತಾರೆ. ಆದರೆ ಕಾರ್ಡಿಯಾಯ್ಡ್ ಮೈಕ್ ನೋಡುತ್ತಿರುವುದು ನಿಮ್ಮ ಕಡೆಗೆ, ನಿಮ್ಮ ಬೆನ್ನ ಹಿಂದಿನ ಗೋಡೆಯ ಕಡೆಗೆ. ಹಾಗಾಗಿ ಮೊದಲ ಕೌದಿ ನಿಮ್ಮ ಬೆನ್ನ ಹಿಂದೆ. ಆಮೇಲೆ ಎರಡು ಪಕ್ಕ. ಕೋಣೆಯ ನಟ್ಟನಡುವೆ ಕೂರಬೇಡಿ, ಮೂಲೆಯಲ್ಲೂ ಬೇಡ. 12 ಅಡಿಯ ಉದ್ದಕ್ಕೆ ಮುಖ ಮಾಡಿ, ಬೆನ್ನ ಹಿಂದೆ ಒಂದು ನಾಲ್ಕಡಿ ಜಾಗ ಬಿಟ್ಟು ಕೂತು ನೋಡಿ. ಮುಂದೆ ದುಡ್ಡು ಕೂಡಿಬಂದಾಗ 2 ಇಂಚು ದಪ್ಪದ ರಾಕ್‌ವೂಲ್ (ಕಲ್ಲಿನಿಂದ ಮಾಡಿದ ನಾರು) ಹಲಗೆಗಳಿಗೆ ಮರದ ಚೌಕಟ್ಟು ಹಾಕಿಸಿ, ಮೇಲೆ ಬಟ್ಟೆ ಹೊದಿಸಿಕೊಳ್ಳಬಹುದು. ಅದನ್ನು ಕೈಗವಸು, ಮಾಸ್ಕ್ ಇಲ್ಲದೆ ಮುಟ್ಟಬೇಡಿ, ಮೈ ಕೆರೆಯುತ್ತದೆ.

ಅಂಗಡಿಯವರ ಸೆಟ್ ಯಾಕೆ ಬೇಡ ಅಂದೆ ಅಂದರೆ, ಅದರೊಳಗಿನ ಸೌಂಡ್ ಕಾರ್ಡ್ ಬೇರೆ ಕೆಲಸಕ್ಕೆ ಮಾಡಿದ್ದು. ಲೈವ್‌ನಲ್ಲಿ ದನಿ ಬದಲಾಯಿಸಲು, ಚಪ್ಪಾಳೆ ಸದ್ದು ಹಾಕಲು ಅದರಲ್ಲಿ ಗುಂಡಿಗಳಿರುತ್ತವೆ. ಮೈಕಿನ ವಯರ್ ನೋಡಿ. ಅದರ ತುದಿಯಲ್ಲಿ ಇಯರ್‌ಫೋನಿಗೆ ಇರುವಂಥ 3.5 ಮಿಲಿಮೀಟರ್ ಪಿನ್ ಇದ್ದರೆ ಆ ಮೈಕಿಗೆ 48 ವೋಲ್ಟ್ ಫ್ಯಾಂಟಮ್ ಪವರ್ (ಕೇಬಲ್ ಮೂಲಕವೇ ಮೈಕಿಗೆ ಹೋಗುವ ಕರೆಂಟ್) ಸಿಗುತ್ತಿಲ್ಲ ಅಂತ ತಿಳಿಯಿರಿ. ನಿಜವಾದ ಸ್ಟುಡಿಯೋ ಕಂಡೆನ್ಸರಿಗೆ ಅದು ಬೇಕೇ ಬೇಕು.

ನಿಮಗೆ ಬೇಕಿರುವುದು ಮೈಕಿನ ದನಿಯನ್ನು ಲ್ಯಾಪ್‌ಟಾಪಿಗೆ ಸೇರಿಸುವ ಪೆಟ್ಟಿಗೆ, ಅಂದರೆ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್. ಅದರಲ್ಲಿ ಎರಡು ಮೈಕ್ ಇನ್‌ಪುಟ್ ಇರಲೇಬೇಕು, ಯಾಕಂದರೆ ತಮ್ಮನ ತಬಲಾ ಇದೆಯಲ್ಲ. ಇಲ್ಲಿ ಹುಷಾರಾಗಿರಿ. ಡಬ್ಬದ ಮೇಲೆ "2 ಇನ್‌ಪುಟ್" ಅಂತ ಇದ್ದರೂ ಒಂದು ಮೈಕಿಗೆ, ಇನ್ನೊಂದು ಗಿಟಾರಿಗೆ ಇರಬಹುದು. ಫೋಕಸ್‌ರೈಟ್ ಸ್ಕಾರ್ಲೆಟ್ ಸೋಲೋ ಹಾಗೆ, ಬೆರಿಂಜರ್ ಯುಎಂಸಿ22 ಕೂಡ ಹಾಗೆ. ಮೂರು ತೂತಿನ ಎಕ್ಸ್‌ಎಲ್‌ಆರ್ ಸಾಕೆಟ್ ಎರಡು ಇವೆಯಾ ಅಂತ ಕಣ್ಣಾರೆ ಎಣಿಸಿ. ಸ್ಕಾರ್ಲೆಟ್ 2ಐ2ನಲ್ಲಿ ಎರಡಿವೆ. 2023ರಲ್ಲಿ ಬಂದ ಅದರ ನಾಲ್ಕನೇ ತಲೆಮಾರಿನಲ್ಲಿ 69 ಡೆಸಿಬಲ್ ಗೇನ್ ಇದೆ, ಮೆಲ್ಲಗೆ ಹಾಡುವವರಿಗೂ ಧಾರಾಳವಾಗಿ ಸಾಕು. ಅಷ್ಟು ಕೊಡಲು ಆಗದಿದ್ದರೆ ಬೆರಿಂಜರ್ ಯುಎಂಸಿ202ಎಚ್‌ಡಿ ನೋಡಿ. ಅದರಲ್ಲೂ ಎರಡು ಮೈಕ್ ಇನ್‌ಪುಟ್ ಇವೆ, 24 ಬಿಟ್ ರೆಕಾರ್ಡಿಂಗ್ ಇದೆ. ಯುಎಸ್‌ಬಿ ಮೈಕ್ ಅಂತ ನೇರ ಲ್ಯಾಪ್‌ಟಾಪಿಗೆ ಚುಚ್ಚುವವು ಒಬ್ಬರೇ ಮಾತಾಡುವುದಕ್ಕೆ ಸರಿ. ನಾಳೆ ತಬಲಾಕ್ಕೆ ಅಂತ ಇನ್ನೊಂದು ಯುಎಸ್‌ಬಿ ಮೈಕ್ ತಂದು ಎರಡನ್ನೂ ಒಟ್ಟಿಗೆ ಓಡಿಸಲು ಹೋದರೆ ತಲೆನೋವು.

ಸ್ಟ್ಯಾಂಡ್ ಬಗ್ಗೆ ಯಾರೂ ಯೋಚಿಸುವುದಿಲ್ಲ. ನೀವು ನೆಲದ ಮೇಲೆ ಕೂತು ಹಾಡುವವರು. ನಿಂತು ಹಾಡುವವರಿಗೆ ಮಾಡಿದ ಎತ್ತರದ ಸ್ಟ್ಯಾಂಡ್ ತಂದರೆ ಅದು ಎಷ್ಟು ಇಳಿಸಿದರೂ ಹಣೆಯ ಮೇಲೇ ಇರುತ್ತದೆ. ಗಿಡ್ಡ ಕಾಲಿನ, ಅಡ್ಡ ಕೋಲು ಇರುವ ಬೂಮ್ ಸ್ಟ್ಯಾಂಡ್ ಕೇಳಿ. ಬುಡ ಭಾರವಾಗಿರಲಿ. ಸ್ಟ್ಯಾಂಡಿನ ಕಾಲು ಪೇಟಿಗೆ ತಾಗಬಾರದು, ತಿದಿ ಒತ್ತಿದಾಗಲೆಲ್ಲ ಧಡ್ ಧಡ್ ಅಂತ ಮೈಕಿಗೆ ಬರುತ್ತದೆ.

ಈಗ ಮೈಕ್ ಇಡುವ ಜಾಗ. ಇದರ ಮೇಲೆ ನಾನು ಎಷ್ಟು ಹೇಳಿದರೂ ಕಡಿಮೆಯೇ. ಎಟಿ2020ರ ತುದಿಗೆ ಹಾಡಬಾರದು, ಪಕ್ಕಕ್ಕೆ ಹಾಡಬೇಕು. ಕಂಪನಿಯ ಗುರುತು ಇರುವ ಬದಿಯೇ ಅದರ ಮುಖ. ಪೇಟಿ ನಿಮ್ಮ ಮುಂದೆ ನೆಲದ ಮೇಲಿದೆ, ಬಾಯಿ ಅದಕ್ಕಿಂತ ಒಂದೂವರೆ ಅಡಿ ಮೇಲಿದೆ. ಮೈಕನ್ನು ಹಣೆಯ ಎತ್ತರದಲ್ಲಿಟ್ಟು ಕೆಳಗೆ ನೋಡುವ ಹಾಗೆ ಬಾಗಿಸಿದರೆ ಬಾಯಿ, ಪೇಟಿ ಎರಡೂ ಅದರ ಎದುರಿಗೇ ಬರುತ್ತವೆ. ಪೇಟಿ ಜೋರಾಗಿ ಬೀಳುತ್ತದೆ, ತಿದಿಯ ಉಸಿರೂ ಬೀಳುತ್ತದೆ. ಅದರ ಬದಲು ಮೈಕನ್ನು ಗದ್ದಕ್ಕಿಂತ ಸ್ವಲ್ಪ ಕೆಳಗಿಟ್ಟು, ಮುಖ ಮೇಲಕ್ಕೆ ಬಾಯಿಯ ಕಡೆ ಇರುವ ಹಾಗೆ ತಿರುಗಿಸಿ. ಆಗ ಪೇಟಿ ಮೈಕಿನ ಬೆನ್ನಿಗೆ ಬರುತ್ತದೆ, ಕಾರ್ಡಿಯಾಯ್ಡ್ ಅದನ್ನು ಆದಷ್ಟು ಬಿಟ್ಟುಬಿಡುತ್ತದೆ. ಮೇಲ್ಛಾವಣಿಯ ಪ್ರತಿಧ್ವನಿ ಸ್ವಲ್ಪ ಸೇರುತ್ತದೆ ಅನಿಸಿದರೆ ಕೋನವನ್ನು ಕೊಂಚ ಇಳಿಸಿ. ಹತ್ತು ನಿಮಿಷ ಕೂತು ಎರಡೂ ರೀತಿ ರೆಕಾರ್ಡ್ ಮಾಡಿ ಕೇಳಿದರೆ ಯಾವುದು ಬೇಕು ಅಂತ ನಿಮ್ಮ ಕಿವಿಯೇ ಹೇಳುತ್ತದೆ.

ಪಾಪ್ ಫಿಲ್ಟರ್, ಅಂದರೆ ಬಾಯಿಯ ಗಾಳಿ ತಡೆಯುವ ಜಾಲರಿ ಕೂಡ ಬೇಕು. ಅಂಗೈಯನ್ನು ಬಾಯಿಯ ಮುಂದೆ ಹಿಡಿದು "ಪಾದ", "ಭಜನೆ" ಅನ್ನಿ. ಗಾಳಿ ಬಡಿಯುವುದು ಗೊತ್ತಾಗುತ್ತದೆ ಅಲ್ವಾ? ಆ ಗಾಳಿ ಮೈಕಿಗೆ ಬಡಿದರೆ ಡಬ್ ಅಂತ ಸದ್ದು ಬರುತ್ತದೆ. ಮೈಕಿನಿಂದ ನಾಲ್ಕು ಬೆರಳು ಮುಂದೆ ಫಿಲ್ಟರ್ ಇಟ್ಟರೆ ಸಾಕು.

ತಬಲಾ ವಿಷಯದಲ್ಲಿ ಎರಡು ದಾರಿ ಇದೆ. ಒಂದು, ನೀವು ಮೊದಲು ಹಾಡಿ ಪೇಟಿ ಸಮೇತ ರೆಕಾರ್ಡ್ ಮಾಡುವುದು, ಆಮೇಲೆ ತಮ್ಮ ಅದನ್ನು ಹೆಡ್‌ಫೋನಿನಲ್ಲಿ ಕೇಳುತ್ತಾ ಅದೇ ಮೈಕಿನಲ್ಲಿ ತಬಲಾ ನುಡಿಸುವುದು. ಎರಡನೆಯದು, ಇಬ್ಬರೂ ಒಟ್ಟಿಗೆ ಕೂರುವುದು. ನನ್ನ ಒಲವು ಎರಡನೆಯದಕ್ಕೆ. ದಾಸರ ಪದದಲ್ಲಿ ನೀವು ಸಾಲನ್ನು ತುಸು ಎಳೆದಾಗ ತಬಲಾ ಕಾಯುತ್ತದಲ್ಲ, ಆ ಕಾಯುವಿಕೆ ಬೇರೆ ಬೇರೆ ರೆಕಾರ್ಡ್ ಮಾಡಿದಾಗ ಸಿಗುವುದು ಕಷ್ಟ. ಎದುರುಬದುರು ಕೂತುಕೊಳ್ಳಿ, ನಡುವೆ ಐದಾರು ಅಡಿ ಇರಲಿ. ನಿಮ್ಮ ಮೈಕಿನ ಬೆನ್ನು ತಬಲಾದ ಕಡೆ, ತಬಲಾ ಮೈಕಿನ ಬೆನ್ನು ನಿಮ್ಮ ಕಡೆ. ಒಂದು ಮೈಕ್ ತನ್ನ ವಾದ್ಯದಿಂದ ಎಷ್ಟು ದೂರ ಇದೆಯೋ, ಅದರ ಕನಿಷ್ಠ ಮೂರರಷ್ಟು ದೂರದಲ್ಲಿ ಇನ್ನೊಂದು ಮೈಕ್ ಇರಬೇಕು ಅನ್ನುವುದು ನಮ್ಮ ಕೆಲಸದಲ್ಲಿ ಹಳೆಯ ಲೆಕ್ಕ. ತಬಲಾಕ್ಕೆ ಡೈನಮಿಕ್ ಸಾಕು. ಶೂರ್ ಎಸ್‌ಎಂ57 ಅಥವಾ ಅಂಥದ್ದೇ ಒಂದನ್ನು ಎರಡೂ ವಾದ್ಯಗಳ ನಡುವೆ, ಗೇಣಿಗಿಂತ ತುಸು ಮೇಲೆ, ಕೆಳಮುಖ ಮಾಡಿ ಇಡಿ. ಡಗ್ಗಾ (ಎಡಗೈಯ ಕೆಳಸ್ವರದ ವಾದ್ಯ) ಗುಮ್ಮೆಂದರೆ ಮೈಕನ್ನು ದಾಯಾಂ (ಬಲಗೈಯ ವಾದ್ಯ) ಕಡೆ ಎರಡು ಬೆರಳು ಸರಿಸಿ. 48 ವೋಲ್ಟ್ ಗುಂಡಿ ಒತ್ತಿದರೆ ಈ ಇಂಟರ್‌ಫೇಸ್‌ಗಳಲ್ಲಿ ಎರಡೂ ಇನ್‌ಪುಟ್‌ಗೆ ಹೋಗುತ್ತದೆ. ಭಯ ಬೇಡ, ಸರಿಯಾದ ಎಕ್ಸ್‌ಎಲ್‌ಆರ್ ಕೇಬಲ್ ಇದ್ದರೆ ಇಂಥ ಡೈನಮಿಕ್ ಮೈಕಿಗೆ ಅದರಿಂದ ಏನೂ ಆಗುವುದಿಲ್ಲ.

ಸ್ಪೀಕರ್ ದುಡ್ಡನ್ನು ಹೆಡ್‌ಫೋನಿಗೆ ಹಾಕಿ. ಚಿಕ್ಕ ಕೋಣೆಯಲ್ಲಿ ಸ್ಪೀಕರ್ ಸರಿಯಾಗಿ ಹೇಳುವುದಿಲ್ಲ. ಒಂದು ಕಡೆ ಕೂತರೆ ಡಗ್ಗಾ ಉಬ್ಬಿರುತ್ತದೆ, ಎರಡಡಿ ಸರಿದರೆ ಮಾಯ. ಕಿವಿ ಪೂರ್ತಿ ಮುಚ್ಚುವ ವಯರ್ ಇರುವ ಹೆಡ್‌ಫೋನ್ ತಗೊಳ್ಳಿ. ಆಡಿಯೋ ಟೆಕ್ನಿಕಾ ಎಂ20ಎಕ್ಸ್ ಶುರುವಿಗೆ ಸಾಕು. ಕೈಗೆಟಕಿದರೆ ಸೋನಿ ಎಂಡಿಆರ್-7506, ಸ್ಟುಡಿಯೋಗಳಲ್ಲಿ ದಶಕಗಳಿಂದ ನಡೆದು ಬಂದಿರುವುದು. ಬ್ಲೂಟೂತ್ ಬೇಡ. ಅದರಲ್ಲಿ ದನಿ ತಡವಾಗಿ ಬರುತ್ತದೆ, ತಾಳದ ಜೊತೆ ಹಾಡುವುದಕ್ಕೇ ಆಗುವುದಿಲ್ಲ. ವಯರ್ ಇದ್ದರೂ ಲ್ಯಾಪ್‌ಟಾಪ್ ಸುತ್ತಿ ಬಂದ ದನಿ ಸ್ವಲ್ಪ ತಡ ಆಗಬಹುದು. ಇಂಟರ್‌ಫೇಸಿನ ಡೈರೆಕ್ಟ್ ಮಾನಿಟರ್ ಆನ್ ಮಾಡಿದರೆ ನಿಮ್ಮ ದನಿ ಲ್ಯಾಪ್‌ಟಾಪಿಗೆ ಹೋಗಿ ಬರದೆ ನೇರ ಕಿವಿಗೆ ಬರುತ್ತದೆ. ಹಾಡು ಮುಗಿದ ಮೇಲೆ ಫೋನಿನ ಸ್ಪೀಕರಿನಲ್ಲೂ, ಸಿಕ್ಕರೆ ಯಾರದಾದರೂ ಕಾರಿನಲ್ಲೂ ಹಾಕಿ ಕೇಳಿ.

ಸಾಫ್ಟ್‌ವೇರಿಗೆ ಈಗ ಖರ್ಚು ಮಾಡಬೇಡಿ. ಆಡಾಸಿಟಿ ಉಚಿತ. ರೀಪರ್ 60 ದಿನ ಪರೀಕ್ಷೆಗೆ ಸಿಗುತ್ತದೆ, ಆಮೇಲೆ ಮನೆಬಳಕೆಯ ಲೈಸೆನ್ಸ್ 60 ಡಾಲರ್. ಎರಡು ಟ್ರ್ಯಾಕ್ ಒಟ್ಟಿಗೆ ಮಾಡುವುದಕ್ಕೆ ರೀಪರ್ ಅನುಕೂಲ. ರೆಕಾರ್ಡಿಂಗ್ ಗುಣಮಟ್ಟದ ಸೆಟ್ಟಿಂಗ್ 24 ಬಿಟ್, 48 ಕಿಲೋಹರ್ಟ್ಸ್ ಇಟ್ಟುಕೊಳ್ಳಿ. ವಿಡಿಯೋ ಜೊತೆಗೂ ಅದೇ ಹೊಂದುತ್ತದೆ. ಎರಡು ಟ್ರ್ಯಾಕಿಗೆ ಗಂಟೆಗೆ ಸುಮಾರು 1 ಜಿಬಿ ಜಾಗ ಬೇಕು. ಗೇನ್ ಹೊಂದಿಸುವಾಗ ಹಾಡಿನ ಶುರುವಿನ ಮೆಲು ಸಾಲಲ್ಲ, ತಾರ ಸಪ್ತಕದಲ್ಲಿ ಎತ್ತುವ ಸಾಲನ್ನು ಪೂರ್ತಿ ದನಿಯಲ್ಲಿ ಹಾಡಿ. ಮೀಟರ್ ಮೈನಸ್ 12 ಡೆಸಿಬಲ್‌ನ ಆಸುಪಾಸು ಮುಟ್ಟಿದರೆ ಸಾಕು. ಕಡಿಮೆ ಆಗಿದ್ದನ್ನು ಆಮೇಲೆ ಏರಿಸಬಹುದು. ಮೇಲಕ್ಕೆ ಹೋಗಿ ಒಡೆದ ದನಿಯನ್ನು ಸರಿ ಮಾಡುವುದು ತುಂಬಾ ಕಷ್ಟ.

ತಂಬೂರಿಯನ್ನು ಗಾಳಿಯಲ್ಲಿ ನುಡಿಸಿ ಮೈಕಿನಿಂದ ಹಿಡಿಯಬೇಡಿ. ಆ್ಯಪ್ ಆಗಲಿ, ಎಲೆಕ್ಟ್ರಾನಿಕ್ ಪೆಟ್ಟಿಗೆ ಆಗಲಿ, ವಯರಿನಿಂದ ನೇರ ಇಂಟರ್‌ಫೇಸಿಗೆ ಕೊಟ್ಟು ಹಾಡುವ ಮೊದಲೇ ಬೇರೆ ಟ್ರ್ಯಾಕಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ, ಹಾಡುವಾಗ ಎರಡೂ ಇನ್‌ಪುಟ್ ಮೈಕುಗಳಿಗೇ ಬೇಕು. ಅದಕ್ಕೂ ಮುಂಚೆ ಪೇಟಿಯ ಶ್ರುತಿ ನೋಡಿ. ಹಳೆಯ ಪೇಟಿಗಳು ಈಗ ರೂಢಿಯಲ್ಲಿರುವ 440 ಹರ್ಟ್ಸ್ (‘ಎ’ ಸ್ವರದ ಕಂಪನ) ಅಳತೆಗಿಂತ ತುಸು ಮೇಲೆ ಕೆಳಗೆ ಇರುವುದು ಸಾಮಾನ್ಯ. ಪೇಟಿಯನ್ನು ಕೂಡಲೇ ಬದಲಾಯಿಸಲು ಆಗುವುದಿಲ್ಲ, ತಂಬೂರಿಯನ್ನು ಸೂಕ್ಷ್ಮವಾಗಿ ಏರಿಸಿ ಇಳಿಸಬಹುದು. ಪೇಟಿಯ ಷಡ್ಜಕ್ಕೆ ತಂಬೂರಿಯನ್ನು ಕೂಡಿಸಿ.

ಹೆಡ್‌ಫೋನಿನಲ್ಲಿ ಗುಂಯ್ ಅಂತ ಕೆಳಸ್ವರ ಕೇಳಿದರೆ ಅದು ಕರೆಂಟಿನ 50 ಹರ್ಟ್ಸ್. ಮೊದಲು ಲ್ಯಾಪ್‌ಟಾಪಿನ ಚಾರ್ಜರ್ ತೆಗೆದು ಬ್ಯಾಟರಿಯ ಮೇಲೆ ಓಡಿಸಿ ನೋಡಿ. ಎಷ್ಟೋ ಸಲ ಅಲ್ಲಿಗೇ ನಿಲ್ಲುತ್ತದೆ. ನಿಲ್ಲದಿದ್ದರೆ ಇಲೆಕ್ಟ್ರಿಷಿಯನ್ ಕರೆಸಿ ಆ ಸಾಕೆಟ್ಟಿನ ಅರ್ತಿಂಗ್ ಪರೀಕ್ಷೆ ಮಾಡಿಸಿ. ಅದು ನಿಮ್ಮ ಸುರಕ್ಷತೆಗೂ ಬೇಕು. ಕರೆಂಟ್ ಹೋಗಿ ಇನ್ವರ್ಟರ್ ಮೇಲೆ ನಡೆಯುವಾಗ ರೆಕಾರ್ಡ್ ಮಾಡದಿರುವುದು ಒಳ್ಳೆಯದು. ಫ್ಯಾನ್ ಆಫ್, ಫ್ರಿಜ್ ಪಕ್ಕದ ಕೋಣೆಯಲ್ಲಿದ್ದರೆ ಅದೂ ಆಫ್.

ನಿಮ್ಮ ಕಡೆಯ ಮಳೆಗಾಲದ ತೇವ ಕಂಡೆನ್ಸರಿಗೆ ಆಗಿಬರುವುದಿಲ್ಲ. ತೇವ ಹಿಡಿದರೆ ಚಟಚಟ ಅನ್ನಲು ಶುರು ಮಾಡುತ್ತದೆ. ಕೆಲಸ ಮುಗಿದ ಮೇಲೆ ಗಾಳಿಯಾಡದ ಡಬ್ಬದಲ್ಲಿ ನಾಲ್ಕಾರು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ.

ನಿಮ್ಮ 40,000ವನ್ನು ನಾನಾದರೆ ಹೀಗೆ ಹಂಚುತ್ತೇನೆ: ಇಂಟರ್‌ಫೇಸಿಗೆ 17,000ದವರೆಗೆ, ಮೈಕಿಗೆ 10,000, ಹೆಡ್‌ಫೋನಿಗೆ 6,000, ಸ್ಟ್ಯಾಂಡ್, ಪಾಪ್ ಫಿಲ್ಟರ್, 3 ಮೀಟರಿನ ಒಳ್ಳೆಯ ಕೇಬಲ್ ಇವಕ್ಕೆ 4,000, ಕೋಣೆಗೆ 3,000. ಬೆಲೆಗಳು ಏರಿಳಿಯುತ್ತಿರುತ್ತವೆ, ಮೂರು ಕಡೆ ವಿಚಾರಿಸಿ. ಅಗ್ಗದ ಇಂಟರ್‌ಫೇಸ್ ಆರಿಸಿಕೊಂಡರೆ ಉಳಿದ ದುಡ್ಡು ತಬಲಾ ಮೈಕಿಗೆ ಹೋಗಲಿ. ಇಲ್ಲದಿದ್ದರೆ ಆ ಮೈಕ್ ಬರುವವರೆಗೆ ಮೊದಲನೆಯ ದಾರಿಯಲ್ಲೇ, ಬೇರೆ ಬೇರೆಯಾಗಿ ರೆಕಾರ್ಡ್ ಮಾಡಿ. ಬಿಲ್ ಇಲ್ಲದೆ ಏನನ್ನೂ ಕೊಳ್ಳಬೇಡಿ, ಎಸ್‌ಎಂ58, ಎಸ್‌ಎಂ57 ಅಂತೂ ನಕಲಿ ಬಹಳ ಓಡಾಡುತ್ತವೆ, ಕಂಪನಿಯ ಅಧಿಕೃತ ಮಾರಾಟಗಾರರಿಂದಲೇ ತಗೊಳ್ಳಿ. ಸಾಮಾನು ಬಂದ ದಿನವೇ ಎರಡೂ ಇನ್‌ಪುಟ್‌ಗೆ ಮೈಕ್ ಹಾಕಿ ನೋಡಿ, 48 ವೋಲ್ಟ್ ಗುಂಡಿ, ಹೆಡ್‌ಫೋನಿನ ಎಡ ಬಲ ಎಲ್ಲ ಪರೀಕ್ಷಿಸಿ. ವಾಪಸ್ ಕೊಡುವ ಗಡುವು ಮುಗಿಯುವವರೆಗೆ ಡಬ್ಬ ಎಸೆಯಬೇಡಿ.